ಅಪ್ಪನ ಕಿರ್ದಿ ಮತ್ತು ಬೇವಿನ ಹೂವು

2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ಎಂದಿನಂತೆ ಹಬ್ಬಕ್ಕೆ ದಾವಣಗೆರೆಯಿಂದ ಹರಿಹರದ ತವರುಮನೆಗೆ ಹೋಗಿದ್ದೆ. ಹಿತ್ತಿಲಲ್ಲಿ ಅಪ್ಪ ನೆಟ್ಟ ಬೇವಿನ ಮರವಿದೆ. ಅಂದು ಬೆಳಿಗ್ಗೆ ಅದರ ಬುಡದಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿಯ ಹೂವು ಉದುರಿ ಬಿದ್ದಿತ್ತು. ಬೇವುಬೆಲ್ಲಕ್ಕೆಂದು ನಾನು ಕೊಂಬೆ ಬಗ್ಗಿಸಿ ಹೂ ಬಿಡಿಸುತ್ತಿದ್ದರೆ, ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ಅವ್ವ, "ಹಬ್ಬ ಬರೋದರೊಳಗ ಹೂವೇ ಮುಗಿಯಾಕ ಬಂದೈತಿ. ಮರಕ್ಕ ಬುದ್ಧಿ ಕೆಟ್ಟೈತಿ ನೋಡವ್ವ" ಎಂದಳು.

ಅವ್ವನ ಆ ಮಾತನ್ನು ನಾನು ಶಾಲೆಗೂ ಹೊತ್ತುಕೊಂಡು ಹೋದೆ. ನಾನು ಸಮಾಜ ವಿಜ್ಞಾನ ಕಲಿಸುವವಳು. ಹವೆ ಬದಲಾಗುತ್ತಿರುವ ವಿಷಯ ಹೇಗೋ ಪಾಠದ ನಡುವೆ ಬಂತು. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಸರಿಯಾಗಿ ಯುಗಾದಿಯ ದಿನಕ್ಕೆ ಬೇವು ಹೂ ಬಿಡುತ್ತಿತ್ತು, ಹೊಂಗೆ ಚಿಗುರುತ್ತಿತ್ತು. ಈಗ ಎಲ್ಲ ಹಿಂದುಮುಂದಾಗಿದೆ" ಎಂದು ಹೇಳಿದೆ. ಐವತ್ತು ದಾಟಿದವರಿಗೆ 'ನಮ್ಮ ಕಾಲದಲ್ಲಿ' ಎಂಬ ಮಾತು ಕೆಮ್ಮಿನ ಹಾಗೆ, ತಡೆದರೂ ಬರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಯುಗಾದಿ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತಲ್ಲ, ಅದು ಬೇವಿನ ಮರಕ್ಕೆ ಹ್ಯಾಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ.

ಮನೆಗೆ ಬಂದು ಹಳೆಯ ಕ್ಯಾಲೆಂಡರುಗಳನ್ನು ನೋಡಿದೆ. ಹುಡುಗಿ ಕೇಳಿದ್ದು ಸರಿಯಾಗಿತ್ತು. ನಮ್ಮ ಯುಗಾದಿ ಚಾಂದ್ರಮಾನದ್ದು. 2018ರಲ್ಲಿ ಅದು ಮಾರ್ಚ್ 18ಕ್ಕೇ ಬಂದಿತ್ತು. 2021ರಲ್ಲಿ ಏಪ್ರಿಲ್ 13ಕ್ಕೆ. ನಡುವೆ 26 ದಿನಗಳ ಅಂತರ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸೂರ್ಯನ ಒಂದು ವರ್ಷಕ್ಕೆ ಸುಮಾರು 11 ದಿನ ಕಡಿಮೆ ಬೀಳುತ್ತದೆ. ಹೀಗೆ ಹಬ್ಬ ಹಿಂದೆ ಹಿಂದೆ ಸರಿಯುತ್ತ ಬಂದು, ಅಧಿಕ ಮಾಸ ಸೇರಿದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತದೆ. ಮರಕ್ಕೆ ಪಂಚಾಂಗ ಗೊತ್ತಿಲ್ಲ. ಅದು ಬಿಸಿಲು, ಚಳಿ, ನೆಲದ ತೇವ, ಹಗಲಿನ ಉದ್ದ ಇವುಗಳ ಲೆಕ್ಕದಲ್ಲಿ ಬದುಕುತ್ತದೆ. ಹಾಗಿದ್ದರೆ 'ಸರಿಯಾಗಿ ಯುಗಾದಿಗೆ' ಎಂಬ ನನ್ನ ನೆನಪು ಯಾವ ಯುಗಾದಿಯದು? ಒಂದು ವರ್ಷ ಹೂವು ತುಂಬಿತ್ತು, ಒಂದು ವರ್ಷ ಬರೀ ಮೊಗ್ಗು, ಇನ್ನೊಂದು ವರ್ಷ ಚಿಗುರೇ ಗತಿ ಎಂದು ಇದ್ದಿರಬೇಕು. ನೆನಪು ಹೂವಿದ್ದ ವರ್ಷಗಳನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಟ್ಟಿತ್ತು.

ಇದನ್ನು ಪರೀಕ್ಷಿಸಲು ಒಂದು ದಾರಿ ಇದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ಚಂದ್ರನ ತಿಥಿಯೂ ಸೂರ್ಯನ ತಾರೀಖೂ ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. 2023ರ ಯುಗಾದಿ ಮಾರ್ಚ್ 22. ಹತ್ತೊಂಬತ್ತು ವರ್ಷ ಹಿಂದಕ್ಕೆ, 2004ರಲ್ಲಿ, ಮಾರ್ಚ್ 21. ಇನ್ನೂ ಹತ್ತೊಂಬತ್ತು ಹಿಂದಕ್ಕೆ, 1985ರಲ್ಲಿ, ಮಾರ್ಚ್ 22. ಹೋಲಿಸುವುದಿದ್ದರೆ ಈ ಮೂರನ್ನು ಹೋಲಿಸಬೇಕು. ಆದರೆ 1985ರ ಯುಗಾದಿಯ ದಿನ ಬೇವಿನಲ್ಲಿ ಹೂವಿತ್ತೇ ಎಂದು ಯಾರನ್ನು ಕೇಳುವುದು? ಆಗ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೊಸ್ತಿಲಲ್ಲಿದ್ದೆ. ಅವ್ವ ನನ್ನ ಅಂಗೈಗೆ ಬೇವುಬೆಲ್ಲ ಹಾಕಿದ್ದು, ಅದರಲ್ಲಿ ಹೂವಿನ ಎಸಳುಗಳಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು.

ಇಲ್ಲಿ ಅಪ್ಪನ ವಿಚಾರ ಹೇಳಬೇಕು. ಅಪ್ಪ ದಾವಣಗೆರೆಯ ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದಿನವೂ ಹರಿಹರದಿಂದ ಹೋಗಿಬರುತ್ತಿದ್ದರು. ಅಂಗಡಿಯ ಲೆಕ್ಕ ಬರೆದು ಬರೆದು ಕೈಗೆ ಚಟ ಹತ್ತಿ, ಮನೆಯಲ್ಲೂ ತಮ್ಮದೇ ಒಂದು ಕಿರ್ದಿ ಇಟ್ಟಿದ್ದರು. ದೀಪಾವಳಿಗೆ ಹೊಸ ಪುಸ್ತಕ, ಮೊದಲ ಪುಟಕ್ಕೆ ಅರಿಸಿನ ಕುಂಕುಮ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಮಳೆ, ಹೊಳೆ, ಮರದ ಸುದ್ದಿ: 'ಭರಣಿ ಮಳೆ ಹದ', 'ಹೊಳೆ ಮೆಟ್ಟಿಲಿಗೆ ಬಂತು', 'ಮೊದಲ ಹತ್ತಿ ಗಾಡಿ', 'ಮಾವಿನ ಕಾಯಿ ಪೇಟೆಗೆ'. ಹತ್ತಿಯ ವ್ಯಾಪಾರದವರಿಗೆ ಮಳೆಯ ಸುದ್ದಿಯೂ ಲೆಕ್ಕದ ಭಾಗವೇ. ಕಾಯಿ ಒಡೆದು ಹತ್ತಿ ಬಿರಿಯುವ ಹೊತ್ತಿಗೆ ಮಳೆ ಬಿದ್ದರೆ ಅರಳೆ ಕಪ್ಪಾಗಿ ದರ ಇಳಿಯುತ್ತದೆ.

ಅಪ್ಪ 1997ರಲ್ಲಿ ತೀರಿಕೊಂಡರು. ಮರುವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಕಿರ್ದಿಗಳನ್ನೆಲ್ಲ ಇಳಿಸಿ ರದ್ದಿಯವನಿಗೆ ತೂಗಿ ಕೊಟ್ಟವಳು ನಾನೇ. ಗೆದ್ದಲು ಹಿಡಿದೀತು ಎಂಬ ಭಯವಿತ್ತು. ಇತಿಹಾಸ ಓದಿ ಬಿ.ಎ. ಮಾಡಿದವಳು, ಮಕ್ಕಳಿಗೆ 'ಆಧಾರಗಳು' ಎಂಬ ಪಾಠ ಹೇಳುವವಳು, ಶಾಸನ, ನಾಣ್ಯ, ಕಡತ ಎಂದು ಕಪ್ಪುಹಲಗೆಯ ಮೇಲೆ ಬರೆಯುವವಳು, ಮನೆಯ ಮೂವತ್ತು ವರ್ಷದ ಆಧಾರವನ್ನು ತಕ್ಕಡಿಗೆ ಹಾಕಿದೆ. ಅವ್ವ ಅಂದು ಏನೂ ಅನ್ನಲಿಲ್ಲ. ಒಂದು ಪುಸ್ತಕವನ್ನು ಮಾತ್ರ ತೆಗೆದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ತಿಳಿದದ್ದು 2023ರ ಬೇಸಿಗೆಯಲ್ಲಿ, ಆ ಹುಡುಗಿಯ ಪ್ರಶ್ನೆಯನ್ನು ಅವಳಿಗೆ ಹೇಳಿದಾಗ. ಅದು 1984ರ ದೀಪಾವಳಿಯಿಂದ 1985ರ ದೀಪಾವಳಿಯವರೆಗಿನದು. ಅದನ್ನೇ ಏಕೆ ಉಳಿಸಿಕೊಂಡೆ ಎಂದರೆ, "ಅದರಾಗ ನೀ ಪಾಸಾದದ್ದು ಐತಿ" ಎಂದಳು.

ಮಾರ್ಚ್ 22ರ ಪುಟ ತೆಗೆದೆ. ಖರ್ಚಿನಲ್ಲಿ ಬೆಲ್ಲ, ಹೂರಣದ ಬೇಳೆ, ಒಂದು ಪರೀಕ್ಷೆಯ ಪೆನ್ನು. ಅಂಚಿನಲ್ಲಿ ಒಂದು ಸಾಲು: 'ಯುಗಾದಿ. ಬೇವು ಹೂ ಇಲ್ಲ. ಚಿಗುರೇ ಹಾಕಿದ್ದಾಯಿತು.'

ಕಣ್ಣಿಗೆ ಕಟ್ಟಿದ್ದ ಹೂವಿನ ಎಸಳುಗಳು ಅಲ್ಲಿಗೆ ಉದುರಿಹೋದವು. ನನ್ನ ನೆನಪು ಸುಳ್ಳಾಗಿತ್ತು. ಅದೇ ಹೊತ್ತಿಗೆ ಅವ್ವನ ಮಾತಿಗೆ ಒಂದು ಸಣ್ಣ ಆಸರೆ ಸಿಕ್ಕಿತ್ತು. ಒಂದೇ ಮರ, ಒಂದೇ ತಾರೀಖು: ಅಂದು ಹೂವಿರಲಿಲ್ಲ, 38 ವರ್ಷದ ಮೇಲೆ ಅದೇ ದಿನ ಹೂವು ಉದುರುವ ಹಂತಕ್ಕೆ ಬಂದಿತ್ತು. ಒಂದು ಮರದ ಎರಡು ವರ್ಷಗಳಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಮರಕ್ಕೂ ವಯಸ್ಸಾಗಿದೆ. ಆ ವರ್ಷದ ಮಳೆ ಬೇರೆ, ಈ ವರ್ಷದ ಮಳೆ ಬೇರೆ. ನಡುವಿನ ಮೂವತ್ತೇಳು ವರ್ಷಗಳ ಸಾಲುಗಳಿದ್ದರೆ ಏನಾದರೂ ಹೇಳಬಹುದಿತ್ತು. ಅಪ್ಪ ಬದುಕಿದ್ದಷ್ಟು ವರ್ಷಗಳದನ್ನು ನಾನು ಮಾರಿದ್ದೆ. ಆಮೇಲಿನದನ್ನು ಯಾರೂ ಬರೆದಿರಲಿಲ್ಲ.

ಇಂಥ ಸಾಲುಗಳನ್ನು ನೂರಾರು ವರ್ಷ ಉಳಿಸಿಕೊಂಡ ಜನರಿದ್ದಾರೆ. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಮರಗಳು ಪೂರ್ಣ ಅರಳಿದ ದಿನಗಳ ಪಟ್ಟಿ ಕ್ರಿ.ಶ. 812ರಿಂದ ಸಿಗುತ್ತದೆ. ನಡುನಡುವೆ ಬಿಟ್ಟುಹೋದ ವರ್ಷಗಳಿವೆ, ಆದರೂ ಹನ್ನೆರಡು ಶತಮಾನದ ದಾರ ಅದು. ರಾಜರ, ಆಸ್ಥಾನಿಕರ, ಸನ್ಯಾಸಿಗಳ ದಿನಚರಿಗಳಿಂದ ಈ ದಿನಗಳನ್ನು ಆರಿಸಿ, ಅವರ ಚಾಂದ್ರಮಾನದ ತಿಥಿಗಳನ್ನು ಈಗಿನ ತಾರೀಖಿಗೆ ಹೊಂದಿಸಿ ಪಟ್ಟಿ ಮಾಡಿದ ವಿಜ್ಞಾನಿ ಯಾಸುಯುಕಿ ಅಓನೊ. 2021ರಲ್ಲಿ ಕ್ಯೋಟೊದ ಹೂವು ಮಾರ್ಚ್ 26ಕ್ಕೇ ಪೂರ್ಣ ಅರಳಿತು. ಅಲ್ಲಿಯವರೆಗಿನ ದಾಖಲೆಯಲ್ಲಿ ಅಷ್ಟು ಮುಂಚೆ ಅರಳಿದ್ದಿಲ್ಲ. ಅದಕ್ಕೆ ಹತ್ತಿರದ್ದು 1409ರ ಮಾರ್ಚ್ 27. ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಲ್ಲಿ ಶುರುಮಾಡಿ, ಯಾವ ಮರ ಎಂದು ಚಿಗುರಿತು, ಯಾವ ಹಕ್ಕಿ ಎಂದು ಕೂಗಿತು ಎಂದು ವರ್ಷ ವರ್ಷವೂ ಬರೆದಿಟ್ಟ. ಅವನ ವಂಶದವರು ಅದನ್ನು 1958ರವರೆಗೆ ಮುಂದುವರಿಸಿದರು. ಅವರ ಮನೆಯಲ್ಲಿ ಪುಸ್ತಕಗಳನ್ನು ರದ್ದಿಗೆ ಹಾಕುವ ಹೆಣ್ಣುಮಗಳು ಇರಲಿಲ್ಲವೆಂದು ಕಾಣುತ್ತದೆ.

ಆ ತಂಪು ದೇಶಗಳಲ್ಲಿ ಮರದ ಲೆಕ್ಕ ಸ್ವಲ್ಪ ನೇರ. ಅಲ್ಲಿನ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತವೆ. ಮೊಗ್ಗು ಏಳಬೇಕಾದರೆ ಮೊದಲು ಸಾಕಷ್ಟು ಚಳಿ ಉಣ್ಣಬೇಕು, ಆಮೇಲೆ ಸಾಕಷ್ಟು ಬಿಸಿ ಉಣ್ಣಬೇಕು. ವಸಂತ ಬೇಗ ಬೆಚ್ಚಗಾದರೆ ಚಿಗುರು, ಹೂವು ಬೇಗ. ಶರತ್ಕಾಲ ತಡವಾಗಿ ತಣ್ಣಗಾದರೆ ಎಲೆ ಉದುರುವುದು ತಡ. ಬೇಗ ಅರಳಿದರೆ ಒಳ್ಳೆಯದಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಅರಳಿದ ಮೇಲೆ ಹಿಮ ಬಿದ್ದರೆ ಹೂವು ಸುಟ್ಟುಹೋಗುತ್ತದೆ. 2021ರ ಏಪ್ರಿಲಿನಲ್ಲಿ ಫ್ರಾನ್ಸಿನ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳಲ್ಲಿ ಆದದ್ದು ಅದೇ. ಮಾರ್ಚಿನ ಕೊನೆಯ ಸೆಕೆಗೆ ಎದ್ದ ಮೊಗ್ಗುಗಳನ್ನು ಏಪ್ರಿಲಿನ ಹಿಮ ಸುಟ್ಟಿತು. ನಮ್ಮ ದೇಶದಲ್ಲೂ ಈ ಕಥೆಯಿದೆ. ಸೇಬಿನ ಹಳೆಯ ತಳಿಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕಡಿಮೆ ಶೈತ್ಯ ಸುಮಾರು ಸಾವಿರ ಗಂಟೆ ಬೇಕು. ಹಿಮಾಚಲದ ತಗ್ಗಿನ ಕಣಿವೆಗಳಲ್ಲಿ ಅಷ್ಟು ಚಳಿ ಸಾಲದೆ, ಸೇಬಿನ ಬೇಸಾಯ ಕಿನ್ನೌರ್, ಲಾಹೌಲ್–ಸ್ಪಿತಿಯ ಎತ್ತರಗಳಿಗೆ ಹತ್ತುತ್ತಿದೆ. ಹರಿಹರದ ಬಸ್ ನಿಲ್ದಾಣದ ತಳ್ಳುಗಾಡಿಯಲ್ಲಿ ಕೊಳ್ಳುವ ಹಣ್ಣಿನ ಹಿಂದೆಯೂ ಈ ಚಳಿಯ ಲೆಕ್ಕವಿದೆ.

ನಮ್ಮ ಕಡೆಯ ಮರಗಳ ಲೆಕ್ಕ ಇಷ್ಟು ಸರಳವಲ್ಲ. ಹೊಂಗೆ, ಬೇವು, ಅರಳಿ ಮೊದಲಾದವು ಮಳೆಗೆ ಕಾಯದೆ, ಬಿಸಿಲು ಏರುವ ಹೊತ್ತಿನಲ್ಲೇ ಚಿಗುರುತ್ತವೆ. ಕೆಲವು ಮರಗಳಿಗೆ ಹಗಲು ಉದ್ದವಾಗುವುದೇ ಸೂಚನೆ. ಹಗಲಿನ ಉದ್ದ ಯಾವ ಹವೆಯಿಂದಲೂ ಬದಲಾಗುವುದಿಲ್ಲ. ಆದ್ದರಿಂದ ಅಂಥ ಮರಗಳು ತಾರೀಖು ತಪ್ಪುವುದು ಕಡಿಮೆ. ಮಾವಿಗೆ ಡಿಸೆಂಬರ್–ಜನವರಿಯ ತಂಪು ರಾತ್ರಿಗಳು, ಒಣ ಹವೆ ಬೇಕು. ರಾತ್ರಿ ಬೆಚ್ಚಗಿದ್ದು ಮೋಡ ಕವಿದರೆ ಹೂವು ಬರಬೇಕಾದ ರೆಂಬೆಯಲ್ಲಿ ಚಿಗುರೆಲೆ ಬರುತ್ತದೆ; ಬಂದ ಹೂವಿಗೂ ಬೂದಿರೋಗ, ಜಿಗಿಹುಳು. ಇನ್ನು ಹೊಲದ ಬೆಳೆ ಪೂರಾ ಮಳೆಯ ಕೈಯಲ್ಲಿ. ಹೀಗೆ ಒಂದು ಹಗಲನ್ನು, ಒಂದು ಚಳಿಯನ್ನು, ಒಂದು ನೀರನ್ನು ನೋಡಿ ನಡೆಯುವಾಗ, ಹವೆ ಕೆಟ್ಟರೆ ಎಲ್ಲವೂ ಒಟ್ಟಿಗೆ ಮುಂದೆ ಹೋಗುವುದಿಲ್ಲ. ಒಂದರ ಜೊತೆ ಇನ್ನೊಂದು ಕೂಡಿಬರುತ್ತಿದ್ದದ್ದು ತಪ್ಪುತ್ತದೆ.

ಹಾಗಾದರೆ ನಮ್ಮವರು ಏನನ್ನೂ ಬರೆದಿಡಲಿಲ್ಲವೇ? ಹರಿಹರದಲ್ಲಿ ಹುಟ್ಟಿದ ನಾನು ಹಾಗೆ ಹೇಳಲಾರೆ. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರ ಸುಮಾರಿಗೆ. ಮುಂದೆ ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮ ದಂಡನಾಯಕನೂ ಇಲ್ಲಿ ಕೆಲಸ ಮಾಡಿಸಿದ. ಪ್ರಾಕಾರದಲ್ಲಿ ನಿಂತ ಶಾಸನಗಳ ಸುತ್ತ ನಾವು ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡಿದ್ದೇವೆ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಸಂಕ್ರಮಣ, ಗ್ರಹಣ ಎಲ್ಲವನ್ನೂ ಚಾಚೂ ತಪ್ಪದೆ ಹೇಳುವುದು ನಮ್ಮ ಸಂಪ್ರದಾಯ. ದತ್ತಿಬಿಟ್ಟ ಗದ್ದೆ, ತೋಟದ ಎಲ್ಲೆಕಟ್ಟೂ ಇರುತ್ತದೆ. ಆದರೆ ಅಂದು ಯಾವ ಮರದಲ್ಲಿ ಹೂವಿತ್ತು ಎಂದು ಹೇಳುವ ಕೆಲಸ ಶಾಸನದ್ದಲ್ಲ.

ಕ್ಯೋಟೊಗೂ ನಮಗೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನಗೆ ತೋರುತ್ತದೆ. ಅಲ್ಲಿ ಹೂವು ಅರಳಿದ ಮೇಲೆ ಔತಣ. ಹಬ್ಬ ಹೂವಿನ ಹಿಂದೆ ಹೋಗುತ್ತಿತ್ತು. ಆದ್ದರಿಂದ ಔತಣದ ದಿನ ಬರೆದರೆ ಹೂವಿನ ದಿನವೂ ಬರೆದಂತಾಯಿತು. ನಮ್ಮ ಹಬ್ಬ ಚಂದ್ರನ ಹಿಂದೆ ಹೋಗುತ್ತದೆ. ಹೂವಿದ್ದರೆ ಹೂವು, ಇಲ್ಲದಿದ್ದರೆ ಚಿಗುರು, ಬೇವುಬೆಲ್ಲ ನಿಲ್ಲುವುದಿಲ್ಲ. ಬದುಕುವುದಕ್ಕೆ ಇದು ಒಳ್ಳೆಯ ಗುಣ. ಆದರೆ ಮರ ಮುಂಚೆ ಬಂತೋ ತಡವಾಗಿ ಬಂತೋ ಎಂಬುದರ ಗುರುತು ಉಳಿಯುವುದಿಲ್ಲ.

1801ರಲ್ಲಿ ಟಿಪ್ಪುವಿನ ನಂತರದ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ದಾವಣಗೆರೆ, ಹರಿಹರಗಳಿಗೂ ಬಂದ. ದಾವಣಗೆರೆಯ ಕಂಬಳಿ ವ್ಯಾಪಾರದ ವಿಚಾರ ಬರೆದ. ಹೋದಲ್ಲೆಲ್ಲ ರೈತರನ್ನು ಕೂರಿಸಿಕೊಂಡು ಯಾವ ಬೆಳೆ ಯಾವ ತಿಂಗಳು ಬಿತ್ತುತ್ತೀರಿ, ಎಂದು ಕೊಯ್ಯುತ್ತೀರಿ ಎಂದು ಕೇಳಿ ಬರೆದುಕೊಳ್ಳುವುದು ಆತನ ರೂಢಿ. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಮಳೆಮಾಪಕಗಳ ಲೆಕ್ಕ ಒಂದೆಡೆ ಸೇರತೊಡಗಿತು. ಅದರ ಮರುವರ್ಷವೇ ಧಾತು ಸಂವತ್ಸರದ ಬರ, ಅದರ ಬೆನ್ನಿಗೆ ಈಶ್ವರ ಸಂವತ್ಸರ. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿತ್ತು. ನಮ್ಮಜ್ಜಿ ಧಾತು ಬರವನ್ನು ಕಂಡವಳಲ್ಲ. ಆದರೂ ಮಕ್ಕಳು ಅನ್ನ ಚೆಲ್ಲಿದರೆ ಆ ಹೆಸರು ಹೇಳಿ ಬಯ್ಯುತ್ತಿದ್ದಳು. ಒಮ್ಮೆಲೇ ಬಂದೆರಗಿದ್ದಕ್ಕೆ ನಮ್ಮವರು ಹೆಸರಿಟ್ಟು ನೆನಪಿಟ್ಟುಕೊಂಡಿದ್ದಾರೆ. ವರ್ಷಕ್ಕೆ ಅರ್ಧ ದಿನದಂತೆ ಸರಿಯುವುದಕ್ಕೆ ಹೆಸರಿಡುವುದು ಕಷ್ಟ.

ಬರವಣಿಗೆಗೆ ಬದಲು ನಮ್ಮಲ್ಲಿ ಮಳೆ ನಕ್ಷತ್ರಗಳ ಗಾದೆಗಳಿವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಮಘೆ ಮಳೆ ಬಂದಷ್ಟೂ ಚೆಂದ, ಮನೆಮಗ ಉಂಡಷ್ಟೂ ಚೆಂದ. ಈ ನಕ್ಷತ್ರಗಳು ಚಂದ್ರನವಲ್ಲ, ಸೂರ್ಯನ ಲೆಕ್ಕದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಈಗ ರೋಹಿಣಿ ಹುಟ್ಟುವುದು ಮೇ 25ರ ಆಸುಪಾಸು, ಮೃಗಶಿರ ಜೂನ್ 8, ಮಘೆ ಆಗಸ್ಟ್ 17. ರೈತ ಬಿತ್ತನೆಗೆ ಯುಗಾದಿಯನ್ನು ನಂಬದೆ ಮಳೆ ನಕ್ಷತ್ರವನ್ನು ನಂಬಿದ್ದು ಇದಕ್ಕೇ. ಹುಡುಗಿಯ ಪ್ರಶ್ನೆಗೆ ಹೊಲದವರು ಎಂದೋ ಉತ್ತರ ಕಂಡುಕೊಂಡಿದ್ದರು.

ಆದರೆ ಈ ಗಡಿಯಾರವೂ ತುಸು ತುಸುವೇ ಸರಿಯುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ, ನಕ್ಷತ್ರದ ದಿನಗಳು ಋತುವಿನೊಳಗೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದಕ್ಕೆ ಜರುಗುತ್ತವೆ. ವಿವೇಕಾನಂದರು ಹುಟ್ಟಿದ 1863ರಲ್ಲಿ ಮಕರ ಸಂಕ್ರಾಂತಿ ಜನವರಿ 12ಕ್ಕೆ ಇತ್ತು. ಈಗ 14 ಅಥವಾ 15. ಪೋಲಾಳ್ವ ಗುಡಿ ಕಟ್ಟಿಸಿದ ಕಾಲಕ್ಕೂ ಈಗಿನದಕ್ಕೂ ರೋಹಿಣಿ ಹನ್ನೊಂದು ದಿನ ಜರುಗಿದೆ. ಎಂಟುನೂರು ವರ್ಷದಲ್ಲಿ ಹನ್ನೊಂದು ದಿನ ಎಂದರೆ ಒಬ್ಬರ ಆಯುಸ್ಸಿನಲ್ಲಿ ಒಂದು ದಿನ. ಅಷ್ಟನ್ನು ಜನ ಯಾರಿಗೂ ಗೊತ್ತಾಗದಂತೆ ಸರಿಪಡಿಸಿಕೊಂಡು ಬಂದಿದ್ದಾರೆ. ನಾವು ಕೇಳಬೇಕಾದದ್ದು, ಈಗಿನ ಜರುಗು ಅದಕ್ಕಿಂತ ಎಷ್ಟು ವೇಗದ್ದು ಎಂದು.

ಅದನ್ನು ಹೇಳುವ ಮೊದಲು ಇನ್ನೊಂದು ಎಚ್ಚರ ಬೇಕು. ನಮ್ಮೂರುಗಳಲ್ಲಿ ಋತು ಕೆಟ್ಟಿತು ಅನ್ನಿಸುವುದಕ್ಕೆಲ್ಲ ಹವೆಯೇ ಕಾರಣವಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿದು ನಾಲೆಯ ನೀರು ಬಂದ ಮೇಲೆ, ಮಳೆ ನೋಡಿ ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ ಬಂತು. ಬೇಸಿಗೆಯಲ್ಲೂ ಹಸಿರು ಕಂಡಿತು. ಅಲ್ಲಿ ರೈತರು ಆರಿದ್ರ ಮಳೆಯ ಬದಲು ಅಣೆಕಟ್ಟು 186 ಅಡಿ ಮುಟ್ಟಿತೇ, ನಾಲೆಗೆ ಎಂದು ಬಿಡುತ್ತಾರೆ ಎಂದು ಕೇಳತೊಡಗಿದರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತದ್ದು, ಎರೆಹೊಲದ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂದದ್ದು ವ್ಯಾಪಾರದ, ಯಂತ್ರದ, ಬೆಲೆಯ ಕಥೆ. ಪಿ.ಬಿ. ರಸ್ತೆ ಅಗಲವಾದಾಗ ಸಾಲುಮರಗಳು ಹೋದವು. ಊರಿಗೆ ಕಾಂಕ್ರೀಟು ಬಂದಷ್ಟೂ ರಾತ್ರಿಯ ಸೆಕೆ ಹೆಚ್ಚಿತು. ಕ್ಯೋಟೊದ ಹೂವು ಬೇಗ ಅರಳುವುದರಲ್ಲೂ ಊರು ಬೆಳೆದ ಸೆಕೆಗೆ ಒಂದು ಪಾಲಿದೆ ಎಂದು ಲೆಕ್ಕ ಹಾಕಿದ್ದಾರೆ. ಎಲ್ಲವನ್ನೂ ಒಂದೇ ಖಾತೆಗೆ ಬರೆದರೆ ಅಪ್ಪ ಒಪ್ಪುತ್ತಿರಲಿಲ್ಲ.

ಇವನ್ನೆಲ್ಲ ಕಳೆದ ಮೇಲೂ ಉಳಿಯುವ ಬಾಕಿ ಇದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರಿನ ಮಳೆ ಸುಮಾರು ಶೇಕಡ 6 ಕಡಿಮೆಯಾಗಿದೆ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯ ಇಂಗಾಲ ಭೂಮಿಗೆ ಕಂಬಳಿ ಹೊದಿಸಿದಂತಾಗಿರುವುದು ಉಷ್ಣತೆ ಏರಿದ್ದರ ದೊಡ್ಡ ಕಾರಣ. ಹವಾಮಾನ ಇಲಾಖೆಯೇ 2020ರಲ್ಲಿ ತನ್ನ ಪಂಚಾಂಗ ತಿದ್ದಿತು. ವಾಯವ್ಯ ಭಾರತದಿಂದ ಮುಂಗಾರು ಹಿಂದಿರುಗುವ ರೂಢಿಯ ದಿನ ಸೆಪ್ಟೆಂಬರ್ 1 ಇದ್ದದ್ದು ಸೆಪ್ಟೆಂಬರ್ 17 ಆಯಿತು. ಇಡೀ ಜಗತ್ತಿನ ಲೆಕ್ಕದಲ್ಲಿ 2024 ಅಲ್ಲಿಯವರೆಗಿನ ಅತ್ಯಂತ ಬಿಸಿಯ ವರ್ಷವಾಯಿತು.

ನಮ್ಮ ಹೊಲಗಳಲ್ಲಿ ಇದು ಹೇಗೆ ಕಂಡಿತು ಎಂಬುದಕ್ಕೆ 2023 ಒಂದೇ ಸಾಕು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ತಡವಾಗಿ ಬಿತ್ತಿದ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಆಗಸ್ಟ್ ಬಂತು. ದೇಶದಲ್ಲಿ 1901ರಿಂದ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಮನೆಮಗನಂತೆ ಉಣ್ಣಬೇಕಾದ ಮಘೆ ಉಪವಾಸ ಬಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಭದ್ರೆ ತುಂಬಲಿಲ್ಲ, ಮರುಬೇಸಿಗೆಗೆ ಹರಿಹರದ ಹೊಳೆಯಲ್ಲಿ ಬಂಡೆಗಳು ಎದ್ದು ಕಂಡವು. ನನ್ನ ತರಗತಿಯ ಇಬ್ಬರು ಹುಡುಗರು ದೀಪಾವಳಿ ರಜೆ ಮುಗಿದರೂ ಬರಲಿಲ್ಲ; ಅಪ್ಪ ಅವ್ವ ಕೆಲಸ ಹುಡುಕಿಕೊಂಡು ಹೋದ ಕಡೆ ಹೋಗಿದ್ದರು. ಎರಡೇ ವರ್ಷಕ್ಕೆ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ರೋಹಿಣಿ ಹುಟ್ಟುವ ಮೊದಲೇ. ಇಂಥ ಏರಿಳಿತ ಹಿಂದೆಯೂ ಇತ್ತು. ಪ್ರತಿಯೊಂದಕ್ಕೂ ಬೆಚ್ಚಗಾದ ಭೂಮಿಯೇ ಕಾರಣವೆಂದು ಬೆರಳು ಮಾಡಲಾಗದು. ಆದರೆ ಗಾದೆ ನಂಬಿ ಬೀಜ ಕೈಯಲ್ಲಿ ಹಿಡಿದು ನಿಂತವನಿಗೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ಹದಿನೈದು ದಿನದ ಅಂತರ ಬಂದರೆ ಗಾದೆ ಏನು ಮಾಡೀತು?

ಆ ಜೂನ್ ತಿಂಗಳಲ್ಲೇ ನಾನು ಶಾಲೆಯಲ್ಲಿ ಒಂದು ಪುಸ್ತಕ ಶುರುಮಾಡಿದೆ. ಇದು ನನ್ನ ಹೊಸ ಬುದ್ಧಿಯೇನಲ್ಲ. ಶಾಲಾಮಕ್ಕಳಿಂದ ಮರಗಳನ್ನು ಗಮನಿಸಿ ಬರೆಸುವ 'ಸೀಸನ್‌ವಾಚ್' ಎಂಬ ಕಾರ್ಯಕ್ರಮ ದೇಶದಲ್ಲಿ 2010ರಿಂದ ಇದೆ. ಕೇರಳದ ಮಕ್ಕಳು ಅದರಲ್ಲಿ ಹೆಚ್ಚು. ನಾವು ಬಳಸದೆ ಉಳಿದ ಹಳೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಜಾಗದಲ್ಲಿ ಮರಗಳ ಹೆಸರು ಬರೆದೆವು: ಬೇವು, ಹೊಂಗೆ, ಮಾವು, ಮೇ ಫ್ಲವರ್. ಪ್ರತಿ ಸೋಮವಾರ ಇಬ್ಬರು ಮಕ್ಕಳು ಹೋಗಿ ಚಿಗುರು, ಮೊಗ್ಗು, ಹೂವು, ಕಾಯಿ, ಉದುರಿದ ಎಲೆ ನೋಡಿ ಬರೆಯಬೇಕು.

2024ರ ದಸರಾ ರಜೆ ಮುಗಿದ ಮೇಲೆ ಪುಸ್ತಕ ತೆಗೆದು ನೋಡಿದರೆ ರಜೆಯ ಸೋಮವಾರಗಳೂ ತುಂಬಿದ್ದವು. 'ಬೇವು, ಕೆಳಗಿನ ಕೊಂಬೆ: ಎಲೆ ಹಸಿರು, ಸ್ವಲ್ಪ ಚಿಗುರು' ಎಂದಿತ್ತು. ಆ ಕೊಂಬೆಯನ್ನು ತಂತಿಗೆ ತಾಗುತ್ತದೆಂದು ರಜೆಯ ಮೊದಲ ವಾರದಲ್ಲೇ ಕಡಿದುಹಾಕಿದ್ದರು! ಬರೆದ ಹುಡುಗ ತಲೆ ತಗ್ಗಿಸಿ, "ಖಾಲಿ ಬಿಟ್ಟರೆ ನೀವು ಬೈತೀರಿ ಅಂತ ಬರೆದೆ ಮಿಸ್" ಎಂದ. ಬಯ್ಯಲು ಬಾಯಿ ಬರಲಿಲ್ಲ. ಇಲ್ಲದ ಕೊಂಬೆಯಲ್ಲಿ ಅವನು ಚಿಗುರು ಕಂಡಂತೆ, ಇಲ್ಲದ ಹೂವನ್ನು ನಾನು ಮೂವತ್ತೆಂಟು ವರ್ಷ ನನ್ನ ಅಂಗೈಯಲ್ಲಿ ಕಂಡಿದ್ದೆ. ಅಪ್ಪನ ಕಿರ್ದಿಯನ್ನು ಶಾಲೆಗೆ ಒಯ್ದು ಮಕ್ಕಳಿಗೆ ತೋರಿಸಿದೆ. ಅದರಲ್ಲೂ ಜ್ವರ ಬಂದ ವಾರ, ಊರಿಗೆ ಹೋದ ವಾರ ಅಂಚು ಖಾಲಿ ಇದೆ. 'ನೋಡದ್ದನ್ನು ಬರೆಯಬಾರದು' ಎಂದು ನಮ್ಮ ಪುಸ್ತಕದ ರಟ್ಟಿನ ಮೇಲೆ ಆ ಹುಡುಗನ ಕೈಯಲ್ಲೇ ಬರೆಸಿದೆ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಹರಿಹರದ ಹಿತ್ತಿಲಲ್ಲಿ ಬೇವಿನ ಕೆಳಗೆ ನಿಂತು ನೋಡಿ ಬರೆದುಕೊಂಡೆ. ಅವ್ವ, "ಏನಂತ ಬರದಿ?" ಎಂದು ಕೇಳಿದಳು. "ಮೇಲಿನ ಕೊಂಬೆಗಳಲ್ಲಿ ಹೂವು, ಕೆಳಗಿನವುಗಳಲ್ಲಿ ಮೊಗ್ಗು" ಎಂದೆ. "ಬುದ್ಧಿ ಕೆಟ್ಟದ್ದು ಬರಿಲಿಲ್ಲೇನು?" ಎಂದಳು. ಅದನ್ನು ಬರೆಯುವ ಅಧಿಕಾರ ನನಗಿನ್ನೂ ಬಂದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ಹತ್ತೊಂಬತ್ತು ವರ್ಷದ ಸುತ್ತಿನಲ್ಲಿ ಯುಗಾದಿ ಮತ್ತೆ ಮಾರ್ಚ್ 22ರ ಆಸುಪಾಸಿಗೆ ಬರುವುದು 2042ರಲ್ಲಿ. ಆಗ ಬೇವಿನ ಮರಕ್ಕೆ ಗೊತ್ತಾಗುವುದು ಹೇಗೆ ಎಂದು ಕೇಳಿದ ಹುಡುಗಿಗೆ ಮೂವತ್ತು ದಾಟಿರುತ್ತದೆ. ನಾನು ನಿವೃತ್ತಳಾಗುವ ದಿನ ಪುಸ್ತಕವನ್ನು ಯಾರ ಕೈಗೆ ಕೊಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ರದ್ದಿಗೆ ಕೊಡಬಾರದು ಎಂದು ಮಾತ್ರ ಮೊದಲ ಪುಟದಲ್ಲಿ, ಅರಿಸಿನ ಕುಂಕುಮದ ಕೆಳಗೆ, ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.